ಎಂಟು ಕೋಸಿಗೊಂದು ಪರದೆ

ಬೆಳ್ಳುಳ್ಳಿಯನ್ನೂ ಒಣಮೆಣಸಿನಕಾಯನ್ನೂ ಒಟ್ಟಿಗೆ ಅರೆದ ಘಾಟು ಮೂಗಿಗೆ ಬಡಿದರೆ ಸೂಜಿಯಕ್ಕನಿಗೆ ಈಗಲೂ ಅಜ್ಜಿಯ ಹಿತ್ತಿಲು ಕಣ್ಣಮುಂದೆ ಬರುತ್ತದೆ. ಏನೋ ರುಚಿಯಾದದ್ದು ಆಗುತ್ತಿದೆ ಎಂದು ಮಕ್ಕಳೆಲ್ಲ ಓಡಿ ಬಂದರೆ, "ಇದು ನಿಮಗಲ್ಲ, ಹುಳಕ್ಕೆ" ಎಂದು ಅಜ್ಜಿ ಅಟ್ಟುತ್ತಿದ್ದಳು.

ಬಟ್ಟೆ ಹೊಲಿದು ಬದುಕಿದವಳಾದ್ದರಿಂದ ಬೀದಿಗೆಲ್ಲ ಅವಳು ಸೂಜಿಯಕ್ಕ. ಈ ವರ್ಷ ಅದನ್ನೇ ಅರೆದು, ನೀರಲ್ಲಿ ಕದಡಿ, ಸೋಸಿ, ಹಿತ್ತಿಲಿನ ಎಂಟು ಎಲೆಕೋಸಿನ ಗಿಡಗಳಿಗೆ ಚಿಮುಕಿಸಿದಳು. ಹೋದ ವರ್ಷ ಹುಳ ಮೇಯ್ದು ಎಲೆಯೆಲ್ಲ ಜರಡಿಯಾದಾಗ, ಮಹಡಿಯಲ್ಲಿರುವ ವಾರಗಿತ್ತಿ, ಎಂದರೆ ಭಾವನ ಹೆಂಡತಿ, ನೆಂಟರೆಲ್ಲ ಕೇಳುವಂತೆ, "ನಮ್ಮ ಸೂಜಿಯಕ್ಕ ಕೋಸಿಗೂ ಕಾಜಾ ಹಾಕಿದಾಳೆ ನೋಡಿ" ಎಂದಿದ್ದಳು. ಆಗ ನಕ್ಕವರ ಹಲ್ಲು ಒಂದೊಂದೂ ಇವಳಿಗೆ ನೆನಪಿದೆ. ಒಂದೇ ಒಂದು ತೂತಿಲ್ಲದ ಕೋಸನ್ನು ತೆಗೆದುಕೊಂಡು ಹೋಗಿ ವಾರಗಿತ್ತಿಯ ಮಡಿಲಲ್ಲಿಡಬೇಕು, ಆ ಬಾಯಿಗೆ ಬೀಗ ಬೀಳಬೇಕು. ಅಲ್ಲಿಯವರೆಗೆ ಹೊಟ್ಟೆಯ ಉರಿ ಆರುವಂತಿರಲಿಲ್ಲ.

ಮಳೆ ಬಂದು ಘಾಟು ತೊಳೆದುಹೋಯಿತು. ಬಿಳಿ ಚಿಟ್ಟೆಗಳು ಬಂದವು. ಹಿಂದೆಯೇ ಹಸಿರು ಹುಳಗಳು. ಸೂಜಿಯಕ್ಕ ಸೋಪಿನ ನೀರಿನ ಬಕೆಟ್ ಇಟ್ಟುಕೊಂಡು ಒಂದೊಂದನ್ನೇ ಹೆಕ್ಕಿ ಮುಳುಗಿಸಿದಳು. "ಇದು ಹೋದ ವರ್ಷದ್ದಕ್ಕೆ. ಇದು ನಿಮ್ಮಪ್ಪ ತಿಂದಿದ್ದಕ್ಕೆ."

"ಯಾರ ಜೊತೆ ಮಾತಾಡ್ತಿದೀಯೇ?" ಮೇಲಿನಿಂದ ವಾರಗಿತ್ತಿ ಬಗ್ಗಿದಳು.

"ನೆಂಟರ ಜೊತೆ, ಅಕ್ಕಾ. ಕರೆಯದೆ ಊಟಕ್ಕೆ ಬಂದಿದ್ರು. ಸ್ನಾನ ಮಾಡಿಸ್ತಿದೀನಿ."

"ಎಲೆ ಮಗುಚಿ ನೋಡು. ಬಸುರಿಯರೂ ಬಂದು ಹೋಗಿರ್ತಾರೆ."

ಅದು ಬುದ್ಧಿಮಾತೇ. ಆದರೆ ಹೇಳಿದ ಬಾಯಿ ಯಾವುದು? ಸೂಜಿಯಕ್ಕ ಒಂದೆಲೆಯನ್ನೂ ಮಗುಚಲಿಲ್ಲ.

ಬದಲಿಗೆ ಒಳಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಹಳೆಯ ಸೊಳ್ಳೆ ಪರದೆ ಬಿಚ್ಚಿ, ಎರಡು ಪದರ ಸೇರಿಸಿ, ಮದುವೆಯ ರವಿಕೆಗೂ ಹಾಕದಷ್ಟು ಒತ್ತು ಹೊಲಿಗೆ ಹಾಕಿದಳು. ಅಂಚಿನ ಮಡಿಕೆಯೊಳಗೆ ಮರಳು ತುಂಬಿ, ಗಿಡಗಳ ಮೇಲೆ ಹೊದಿಸಿ, ಕೂಡುವ ಕಡೆ ಕೈಹೊಲಿಗೆಯಿಂದ ಮುಚ್ಚಿಬಿಟ್ಟಳು. ಎರಡು ಪದರದಾಚೆ ಒಳಗಿನದು ಮಸುಕು ಹಸಿರಾಗಿಯಷ್ಟೇ ಕಾಣುತ್ತಿತ್ತು; ತೆಗೆದು ನೋಡಬೇಕೆಂದರೆ ಹೊಲಿಗೆಯನ್ನೇ ಬಿಚ್ಚಬೇಕು. ಮರುದಿನದಿಂದ ಚಿಟ್ಟೆಗಳು ಪರದೆಗೆ ಡಿಕ್ಕಿ ಹೊಡೆದು ಹಿಂದಿರುಗುವುದನ್ನು ನೋಡುತ್ತ, ಬಾಗಿಲ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುವುದೇ ಅವಳಿಗೆ ಹಬ್ಬವಾಯಿತು. ಪರದೆಯ ಮೇಲೆ ಗುಬ್ಬಿಗಳೂ ಬಂದು ಕೂತು, ಕೊಕ್ಕು ತೂರಿಸಲು ನೋಡಿ ಹಾರಿಹೋದವು. "ನಿಮಗೂ ಇಲ್ಲ" ಎಂದಳು.

ಹದಿನೆಂಟನೇ ದಿನ ಕತ್ತರಿ ಹಿಡಿದು ಕೂಗಿದಳು. "ಅಕ್ಕಾ, ಸ್ವಲ್ಪ ಕೆಳಗೆ ಬರ್ತೀರಾ? ನಿಮಗೊಂದು ತೋರಿಸಬೇಕಿತ್ತು."

ವಾರಗಿತ್ತಿ ಮಂಡಿ ಹಿಡಿದುಕೊಂಡು ಇಳಿದು ಬಂದಳು. ಸೂಜಿಯಕ್ಕ ಹೊಲಿಗೆ ಬಿಚ್ಚಿ, ಪರದೆಯನ್ನು ಸರ್ರನೆ ಎಳೆದಳು.

ಒಳಗೆ ದಂಟು, ನರ, ಹಿಕ್ಕೆ. ಅವುಗಳ ಮೇಲೆ ಕಿರುಬೆರಳಿನಷ್ಟು ಕೊಬ್ಬಿದ ಹುಳಗಳು. ಎಲೆಯಡಿಯ ಮೊಟ್ಟೆಗಳನ್ನೂ ಸೇರಿಸಿ ಹೊಲಿದಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು.

ಈಗ ಕಾಜಾ ಮಾತು ಬರುತ್ತದೆ ಎಂದು ಸೂಜಿಯಕ್ಕ ಕಾದಳು. ಬರಲಿಲ್ಲ.

"ಹುಳ ಒಳಗಿಟ್ಟು, ಗುಬ್ಬಿನ ಹೊರಗೆ ನಿಲ್ಲಿಸಿಬಿಟ್ಟೆ ಕಣೇ" ಎಂದಷ್ಟೇ ಹೇಳಿ ವಾರಗಿತ್ತಿ ಸೆರಗು ಸಿಕ್ಕಿಸಿದಳು. "ಬಕೆಟ್ ಎಲ್ಲಿ?"

ಇಬ್ಬರೂ ಕುಕ್ಕರುಗಾಲಲ್ಲಿ ಕೂತರು. ಇವಳು ಹಲ್ಲು ಕಚ್ಚಿ ಒಂದು ಹುಳ ಮುಳುಗಿಸಿದರೆ, ಅವಳು, "ಇದು ನನ್ನ ಲೆಕ್ಕಕ್ಕೆ" ಎಂದು ಇನ್ನೊಂದನ್ನು ಹಾಕಿದಳು. ಒಂದು ಹುಳವನ್ನೂ ಬಿಡಲಿಲ್ಲ. ಮೂಲೆಯ ಗಿಡದಲ್ಲಿ ಮುಷ್ಟಿಯಷ್ಟು ಗಡ್ಡೆಯೊಂದು ಉಳಿದಿತ್ತು, ಮೈತುಂಬ ತೂತು. ಸೂಜಿಯಕ್ಕ ಅದನ್ನು ಕಿತ್ತು ಗೊಬ್ಬರದ ಗುಂಡಿಗೆ ಎಸೆದು, ಹಿಂದೆ ನೋಡದೆ ಒಳಗೆ ಹೋದಳು.

ಅಂದು ಅವಳು ಒಲೆ ಹಚ್ಚಲಿಲ್ಲ. ಮಧ್ಯಾಹ್ನ ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆ ಕೇಳಿಸಿತು. ವಾರಗಿತ್ತಿ ಮುಚ್ಚಿದ ತಟ್ಟೆಯನ್ನು ಅವಳ ಕೈಗೆ ಕೊಟ್ಟು, ಮಂಡಿ ಹಿಡಿದುಕೊಂಡು ಮೇಲೆ ಹೋದಳು. ಬಿಸಿ ಅನ್ನದ ಪಕ್ಕದಲ್ಲಿ ಬೆಂದ ಕೋಸು ಇತ್ತು. ತೂತು ಎಲ್ಲಿತ್ತೆಂದು ಗೊತ್ತೇ ಆಗದಷ್ಟು ಸಣ್ಣಗೆ ಹೆಚ್ಚಿದ್ದಳು.