ಐದು ಎಸಳಿನ ಹಿಮದ ಹೂ

ಆ ಡಿಸೆಂಬರಿನಲ್ಲಿ ನಮ್ಮ ಊರಿನ ಮುಂದಿದ್ದ ಗಹನವಾದ ಪ್ರಶ್ನೆ ಒಂದೇ: ಹಿಮದ ಹೂವಿಗೆ ಎಂಟು ಎಸಳಿರಬಹುದೇ? ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಇದಕ್ಕಾಗಿ ಸಭೆ ಸೇರಿ, ಜಗಳವಾಗಿ ಇಬ್ಬರು ಹೆಂಗಸರು ಪರಸ್ಪರ ಮಾತು ಬಿಟ್ಟಿದ್ದರು.

ಅಮೆರಿಕದ ಮಿನ್ನೆಸೋಟದ ಉತ್ತರದಲ್ಲಿ ಹಿಮಕ್ಕೇನು ಬರ? ಕಿಟಕಿಯ ಮಟ್ಟಕ್ಕೆ ಬಿದ್ದಿತ್ತು. ಆದರೆ ದಾನಧರ್ಮಕ್ಕೆ ಅದು ಒದಗುವುದಿಲ್ಲ. ಅದಕ್ಕಾಗಿ ಚರ್ಚಿನ ವೆಬ್‌ಸೈಟು: ಪರದೆಯ ಮೇಲಿನ ಬಿಳಿ ಕಾಗದವನ್ನು ಬೇಕಾದಂತೆ ಮಡಚಿ, ಕತ್ತರಿಸಿ ಬಿಡಿಸಿದರೆ ಹೂವಾಗಿ ಉದುರುತ್ತಿತ್ತು. ಹೂವಿಗೊಂದು ಡಾಲರಿನಂತೆ ಹಾರ್ಡ್‌ವೇರ್ ಅಂಗಡಿಯವರು ಕೊಡುತ್ತಿದ್ದರು. ಅದರಲ್ಲಿ ಇಲ್ಲದವರ ಮನೆಗೆ, ಮನೆ ಬೆಚ್ಚಗಿಡುವ ಹೀಟರಿನ ಎಣ್ಣೆ. ಕೊನೆಗೆ ಸೈಟು ಎಲ್ಲರನ್ನೂ ಕೇಳುತ್ತಿತ್ತು: ನಿಮಗೂ ಎಣ್ಣೆ ಬೇಕೆ? ಒತ್ತಲು ಎರಡು ಗುಂಡಿ: ಬೇಕು, ಬೇಡ.

ಒಂದೇ ಸಲ ಕೇಳುತ್ತಿತ್ತು. ನಮ್ಮ ಕಡೆ ಏನು ಕೊಟ್ಟರೂ ಎರಡು ಸಲ ಬೇಡವೆನ್ನುವುದು ಮರ್ಯಾದೆ. ಮೂರನೆಯ ಸಲಕ್ಕೆ ‘ನಿಮಗೆ ತೊಂದರೆ ಇಲ್ಲಾಂದ್ರೆ’ ಎಂದು ಕೈ ಚಾಚಬೇಕು. ಕಾಫಿಗೂ ಹಾಗೆ, ಮದುವೆಗೂ ಹಾಗೆ.

ಹಿಮ ತಳ್ಳುವ ಟ್ರಕ್ಕು ಓಡಿಸಿ ನಿವೃತ್ತನಾಗಿದ್ದ ಆರ್ವಿಡ್ ಆರೆಸಳಿನ ಪಕ್ಷ. “ಜೀವಮಾನವೆಲ್ಲ ಹಿಮ ಎತ್ತಿದೀನಿ. ಎಂಟೆಸಳಿಂದು ಒಂದೂ ಕಂಡಿಲ್ಲ.”

“ಕೂತು ಎಣಿಸ್ತಿದ್ಯಾ? ಅದಕ್ಕೇ ನಮ್ಮ ರಸ್ತೆಗೆ ಬರೋಷ್ಟರಲ್ಲಿ ಮಧ್ಯಾಹ್ನ ಆಗ್ತಿತ್ತು” ಎಂದಳು ಚರ್ಚಿನ ದಾನ ಸಮಿತಿಯ ಅಧ್ಯಕ್ಷೆ ವರ್ನಾ.

ಆರ್ವಿಡ್ ಒಂಟಿ. ಅವನ ಚಿಮಣಿಯಲ್ಲಿ ಹೊಗೆ ಕಾಣದಿದ್ದುದನ್ನು ಮೊದಲು ಗಮನಿಸಿದವಳು ಪಕ್ಕದ ಮನೆಯ ಮಾರ್ಲಿಸ್. ಫೋನು ಮಾಡಿದಳು.

“ಎಣ್ಣೆ ಮುಗಿದಿದ್ಯೇನಪ್ಪಾ? ಹೇಳಿ ತರಿಸ್ಲಾ?”

“ಅಯ್ಯೋ ಬೇಡಮ್ಮ. ಪಾಪ, ಕಷ್ಟದಲ್ಲಿರೋರಿಗೆ ಕೊಡಿ.”

“ಚಳಿ?”

“ಇದಕ್ಕಿಂತ ಕೆಟ್ಟದ್ದು ನೋಡಿದೀನಿ ಬಿಡು.”

ಮಾರ್ಲಿಸ್ ವರ್ನಾಳಿಗೆ ಹೇಳಿದಳು. ವರ್ನಾ ಕಂಪ್ಯೂಟರು ನೋಡಿ, “ಸೈಟಲ್ಲೂ ಬೇಡ ಅಂತಲೇ ಒತ್ತಿದಾನೆ ಕಣೇ. ಅದೊಂದು, ನಿಂದೊಂದು, ಎರಡಾಯ್ತು. ಭಾನುವಾರ ಚರ್ಚಿಗೆ ಬರ್ತಾನಲ್ಲ, ಮೂರನೇದು ಅಲ್ಲೇ ಕೇಳೋಣ. ಈಗ್ಲೇ ಕೇಳಿದ್ರೆ ಬಡವ ಅಂದಂಗಾಗುತ್ತೆ” ಎಂದಳು.

ಶನಿವಾರ ಹಿಮಗಾಳಿ ಎದ್ದಿತು. ಭಾನುವಾರ ಚರ್ಚು ತೆರೆಯಲಿಲ್ಲ. ಊರಿಗೆ ಊರೇ ಮನೆಯೊಳಗೆ ಕೂತು ಹೂ ಕತ್ತರಿಸಿತು. ಹೊರಗೆ ಬೀಳುತ್ತಿದ್ದುದನ್ನು ಯಾರೂ ನೋಡಲಿಲ್ಲ. ಆರ್ವಿಡನ ಹೆಸರಿನ ಹೂಗಳೂ ಸೈಟಿಗೆ ಒಂದರ ಹಿಂದೊಂದು ಬಂದವು. ಅಂಚುಗಳು ಹರಿದಂತಿದ್ದವು, ಇಲಿ ಕಡಿದ ಹಾಗೆ. ಸೋಮವಾರ ಬೆಳಿಗ್ಗೆ ಬಂದ ಹೂವಿಗೆ ಐದೇ ಎಸಳು.

ವರ್ನಾ ಅದರ ಕೆಳಗೆ ಬರೆದಳು: “ಏನಪ್ಪಾ ಪಂಡಿತ, ಒಂದೆಸಳನ್ನ ಒಲೆಗೆ ಹಾಕಿದ್ಯಾ?” ಊರೆಲ್ಲ ನಕ್ಕಿತು. ಸಂಜೆಯವರೆಗೂ ಆರ್ವಿಡ್ ತಿರುಗಿ ಬೈಯಲಿಲ್ಲ.

ಬೈಯದ ಆರ್ವಿಡನನ್ನು ಮಾರ್ಲಿಸ್ ಕಂಡವಳಲ್ಲ. ಸಲಿಕೆ ಹಿಡಿದು ಹಿಮ ಸರಿಸುತ್ತ ಅವನ ಬಾಗಿಲಿಗೆ ಹೋದಳು. ಬಡಿದಳು.

“ಆರ್ವಿಡ್, ಮೂರನೇ ಸಲ ಕೇಳ್ತಿದೀನಿ. ಎಣ್ಣೆ ತರಿಸ್ಲಾ?”

ಬಾಗಿಲಿಗೆ ಬೀಗವಿರಲಿಲ್ಲ. ಒಳಗೆ ಅವಳ ಉಸಿರೊಂದೇ ಹೊಗೆಯಾಡುತ್ತಿತ್ತು. ಆರ್ವಿಡ್ ಕೋಟು ಟೋಪಿ ತೊಟ್ಟು ಕಂಪ್ಯೂಟರಿನ ಮುಂದೆ ಕೂತಿದ್ದ, ಮೌಸಿನ ಮೇಲೆ ಕೈಯಿಟ್ಟು. ಸತ್ತು ಎಷ್ಟೋ ಹೊತ್ತಾಗಿತ್ತು. ಪರದೆಯ ಮೇಲೆ ಊರವರ ಹೂಗಳು ಇನ್ನೂ ಉದುರುತ್ತಿದ್ದವು.

ಆ ಚಳಿಗಾಲ ‘ಬೇಕು’ ಎಂದು ಒತ್ತಿದ ಎಲ್ಲರ ಮನೆಗೂ ಎಣ್ಣೆ ತಲುಪಿತು.