ಒಂದನೇ ನಂಬರು

"ದಾನದ ಕಣ್ಣು ಬಂದಿದೆ ಕಣೇ. ಪಟ್ಟಿಯಲ್ಲಿ ಒಂದನೇ ನಂಬರು ನಿಮ್ಮಪ್ಪಂದೇ. ನಾನಾಗ್ಲೇ ಅವರಿಗೆ ಹೇಳ್ಬಿಟ್ಟೆ," ಎಂದು ದೊಡ್ಡ ನರ್ಸು ಬಾಗಿಲಿನಿಂದಲೇ ನಗುತ್ತಾ ಹೇಳಿ ಹೋದಳು.

ಕಣ್ಣಾಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮಗಳ ಎದೆ ಕುಣಿಯಿತು. ಮರುಕ್ಷಣವೇ ಧಸಕ್ಕೆಂದಿತು. ಅಪ್ಪನ ಹೆಸರು ಬರೆಸಿದ್ದು ಇವತ್ತು ಬೆಳಿಗ್ಗೆ. ಬೆಳಿಗ್ಗೆ ಬಂದವರು ಎಲ್ಲರಿಗಿಂತ ಮುಂದೆ ಹೇಗಾದರು?

ಎಲ್ಲ ಅವಳದೇ ಘನಕಾರ್ಯ. ನಿನ್ನೆ ತಾನೇ ಹಳೆಯ ಕಂಪ್ಯೂಟರಿನ ಮಾಹಿತಿಯನ್ನೆಲ್ಲ ನಕಲು ತೆಗೆದು ಹೊಸದಕ್ಕೆ ಸಾಗಿಸಿದ್ದಳು. ಕಾಯುವವರ ಹೆಸರುಗಳು ಒಂದೂ ಬಿಡದೆ ಬಂದಿದ್ದವು. ಮುಂದಿನವರಿಗೆ ಎಷ್ಟನೇ ನಂಬರು ಎಂಬ ಎಣಿಕೆ ಮಾತ್ರ ಹಳೆಯದರಲ್ಲೇ ಉಳಿದಿತ್ತು. ತಾರೀಖು ತುಂಬದಿದ್ದರೆ ಅಂದಿನದನ್ನೇ ಹಾಕಿಕೊಳ್ಳುವ ನಿಯಮವೂ ಅಷ್ಟೆ. ಹೊಸ ಕಂಪ್ಯೂಟರು, ಪಾಪ, ಏನೂ ಅರಿಯದ ಹಸುಗೂಸು, ಮತ್ತೆ ಒಂದರಿಂದ ಶುರು ಮಾಡಿತ್ತು. ಹಳೆಯ ಒಂದನೆಯವರು ಕಣ್ಣು ಪಡೆದು ಎಂದೋ ಮನೆ ಸೇರಿದ್ದರಿಂದ ಆ ಜಾಗ ಖಾಲಿಯಿತ್ತು. ಅಪ್ಪ ಹೋಗಿ ಅಲ್ಲಿ ಕೂತಿದ್ದರು, ತಾರೀಖೇ ಇಲ್ಲದೆ.

ಕೋಣೆಯಲ್ಲಿ ಯಂತ್ರಗಳು ಜೋಗುಳದಂತೆ ಗುಂಯ್‌ಗುಡುತ್ತಿದ್ದವು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದೋಣಿಗಳಿಗೆ ಬಣ್ಣ ಬಳಿದೇ ಮುದುಕರಾದ ಅಪ್ಪ ಈಗ, "ಹಾಲೊಳಗೆ ಮುಳುಗಿದ ಹಾಗಿದೆ ಮಗಾ," ಎನ್ನುತ್ತಾರೆ. ಆ ಬಿಳುಪಿನೊಳಗಿಂದ ಕೆಂಪು ದೋಣಿ, ಹಳದಿ ದೋಣಿ, ಒಂದೊಂದೇ ಮೆಲ್ಲಗೆ ತೇಲಿ ಬರುವುದು ಅವಳ ಕಣ್ಣಿಗೆ ಕಟ್ಟಿತು. ಅಪ್ಪನ ಕೆಳಗೆ ಒಬ್ಬ ಟೀಚರಮ್ಮನ ಹೆಸರಿತ್ತು. ತಾರೀಖು ವರ್ಷಗಳ ಹಿಂದಿನದು.

ಅವಳು ಎಣಿಕೆಯನ್ನೂ ತಾರೀಖನ್ನೂ ಸರಿಪಡಿಸಿದಳು. ಅಪ್ಪ ಪಟ್ಟಿಯ ಬುಡಕ್ಕಿಳಿದರು. ನರ್ಸಿಗೆ ಫೋನು ಮಾಡಿ ವಿಷಯ ಹೇಳಿ, ಅಪ್ಪನ ಬಳಿಗೆ ಹೋದಳು.

ಅಪ್ಪ ಆಗಲೇ ಆಪರೇಷನ್ನಿನ ಹಸಿರು ಟೋಪಿ ಹಾಕಿಕೊಂಡು ಬೆಂಚಿನ ಮೇಲೆ ಮದುಮಗನಂತೆ ಕೂತಿದ್ದರು.

"ತಪ್ಪಾಗಿದೆ ಅಪ್ಪ. ನನ್ನಿಂದ್ಲೇ. ಸರದಿ ನಿಮ್ದಲ್ಲ, ಒಬ್ರು ಟೀಚರಮ್ಮಂದು."

ಅಪ್ಪ ಟೋಪಿಯ ಅಂಚನ್ನು ಬೆರಳಿನಿಂದ ಸವರಿದರು. "ನೀನು ಸುಮ್ನಿದ್ದಿದ್ರೆ ಗೊತ್ತಾಗ್ತಿತ್ತಾ ಯಾರಿಗಾದ್ರೂ?"

"ಇಲ್ಲ ಅಪ್ಪ."

ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಅವಳಿಗೆ ಅಳು ಒತ್ತರಿಸಿ ಬಂತು.

ಮಧ್ಯಾಹ್ನ ಟೀಚರಮ್ಮ ತಮ್ಮನ ತೋಳು ಹಿಡಿದು ಬಂದರು. "ಟೀಚರಮ್ಮ ಬಂದ್ರು ಅಪ್ಪ," ಎಂದಳು ಮಗಳು. ಹೆಜ್ಜೆ ಸದ್ದಿಗೆ ಅಪ್ಪ ಎದ್ದು ನಿಂತರು. ಟೋಪಿ ತೆಗೆದು, ಅಂಗೈಯಲ್ಲಿ ಒತ್ತಿ ಸರಿಮಾಡಿ, ಮುಂದೆ ಚಾಚಿದರು.

"ತಗೊಳ್ಳಿ ಅಮ್ಮಾ. ಇದು ನಿಮ್ದು."

ಟೀಚರಮ್ಮ ಕೈ ನೀಡಿದರು. ಇಬ್ಬರ ಕೈಗಳೂ ಗಾಳಿಯಲ್ಲಿ ಒಂದನ್ನೊಂದು ದಾಟಿ ಹೋಗಿ, ಹಿಂದಿರುಗಿ, ಮತ್ತೆ ಹುಡುಕತೊಡಗಿದವು.