ಬಿಗಿಯುವ ಮಾತ್ರೆ

ಮಾತ್ರೆಯ ಹಾಳೆಯಲ್ಲಿ ಒಂದು ಗುಳಿ ಖಾಲಿಯಾಗಿತ್ತು. ಅದು ಗಿರಿಜಾಂಬಿಕಾಳ ಅರೆತಲೆನೋವಿನ ಮಾತ್ರೆ; ಈ ವಾರ ಅವಳು ಅದನ್ನು ಮುಟ್ಟಿಯೇ ಇರಲಿಲ್ಲ. ಮನೆಯಲ್ಲಿ ಅದೇ ನೋವಿದ್ದ ಇನ್ನೊಬ್ಬರೆಂದರೆ ಅತ್ತೆ ಸರ್ವಮಂಗಳಮ್ಮ. ಅವರ ಹೃದಯಕ್ಕೆ ಹೋದ ವರ್ಷ ಸ್ಟೆಂಟ್ ಹಾಕಿದ್ದರು.

ಅವಳು ಕೊಬ್ಬರಿ ಶೆಡ್ಡಿಗೆ ಓಡಿದಳು. ಅತ್ತೆ ಹಣೆಗೆ ಹಳೇ ಸೀರೆಯ ತುಂಡನ್ನು ಬಿಗಿದುಕೊಂಡು, ಮಚ್ಚಿನಿಂದ ಕರಟ ಒಡೆಯುತ್ತಿದ್ದರು. ಒಂದೊಂದು ಏಟಿಗೂ ಮುಖ ಕಿವುಚುತ್ತಿತ್ತು. ಆದರೂ ಒಳಗಿನ ಒಣ ಕೊಬ್ಬರಿ ಗಿಟುಕು ಒಂದೂ ಸೀಳದೆ, ಉಂಡೆಯಾಗಿಯೇ ಈಚೆ ಬರುತ್ತಿತ್ತು.

"ಅತ್ತೆ, ನನ್ನ ಮಾತ್ರೆ ನುಂಗಿದ್ರಾ?"

"ಯಾಕೇ ಹಂಗೆ ಬೆದರಿದೀಯಾ?" ಅತ್ತೆ ಸೆರಗಿನ ಗಂಟು ಬಿಚ್ಚಿ ಮಾತ್ರೆ ತೋರಿಸಿದರು. "ಬೆಳಿಗ್ಗೆಯಿಂದ ಬಾಯಿಗೆ ಹಾಕ್ಕಳನಾ ಅನ್ನಿಸ್ತಿತ್ತು. ಓದಿರೋಳು ಬರ್ಲಿ, ಒಂದ್ಮಾತು ಕೇಳೋಣ ಅಂತ ಸುಮ್ನಾದೆ."

ಗಿರಿಜಾಂಬಿಕಾ ಮಾತ್ರೆಯನ್ನು ಇಸಿದುಕೊಂಡು ಪಕ್ಕದಲ್ಲೇ ಕುಳಿತಳು. ಆ ನೋವಿನಲ್ಲಿ ತಾನಾಗಿದ್ದರೆ ಯಾರನ್ನೂ ಕೇಳದೆ ನುಂಗಿಬಿಡುತ್ತಿದ್ದಳು.

"ಮೆದುಳಿನ ಮೇಲೊಂದು ಪೊರೆ ಇದೆ ಅತ್ತೆ. ನೋವು ಬಂದಾಗ ಅಲ್ಲಿನ ನರಗಳು ಪೆಪ್ಟೈಡ್ ಅಂತ ಒಂದು ರಾಸಾಯನಿಕ ಬಿಡ್ತವೆ. ಪೊರೆಯ ರಕ್ತನಾಳ ಹಿಗ್ಗುತ್ತೆ. ಈ ಮಾತ್ರೆ ಅದನ್ನ ಬಿಗಿಯುತ್ತೆ."

"ನಾನು ಬಟ್ಟೆ ಕಟ್ಟಿಲ್ವಾ, ಹಂಗೆ."

"ಹಂಗೇ. ಆದ್ರೆ ಹೃದಯದ ನಾಳನೂ ಬಿಗೀಬಹುದು. ನಿಮಗೆ ಆಗಲ್ಲ."

"ತಲೆಗೆ ಅಂತ ಕಳ್ಸಿದ್ರೆ ಎದೆಗೂ ಹೋಗ್ತದಾ? ನಿಮ್ಮಾವನ ಥರಾನೇ ಬುಡು. ಕೊಬ್ಬರಿ ಮಂಡಿಗೆ ಅಂತ ಹೊಂಟು ಹೋಟ್ಲಾಗೆ ಕೂತಿರ್ತಿದ್ರು."

ಆ ಮಧ್ಯಾಹ್ನವೇ ಇಬ್ಬರೂ ತಿಪಟೂರಿನ ಡಾಕ್ಟರ ಬಳಿ ಹೋದರು. ಅವರು ಹೃದಯದ ಡಾಕ್ಟರನ್ನೂ ಫೋನಿನಲ್ಲಿ ಕೇಳಿಕೊಂಡು ಬೇರೆ ಮಾತ್ರೆ ಬರೆದರು. ಇದು ಹೊಸದು, ನಾಳವನ್ನು ಬಿಗಿಯುವುದಿಲ್ಲ. ಪೆಪ್ಟೈಡ್ ಹೋಗಿ ಕೂರುವ ಜಾಗದಲ್ಲಿ ತಾನೇ ಮೊದಲು ಕೂತುಬಿಡುತ್ತದೆ ಎಂದರು.

"ಬಸ್ಸಲ್ಲಿ ಟವೆಲ್ ಹಾಕ್ದಂಗೆ," ಎಂದರು ಅತ್ತೆ.

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ಗಿರಿಜಾಂಬಿಕಾ ನಗಲಿಲ್ಲ. ಮೂರು ಸಲ ಓದಿದರೂ ತನಗೆ ಇಷ್ಟು ತಿಳಿಯಾಗದ ವಿಷಯ, ತಲೆ ಸಿಡಿಯುತ್ತಿರುವ ಈ ಹೆಂಗಸಿಗೆ ಒಂದೇ ಮಾತಿಗೆ ಸಿಕ್ಕಿತಲ್ಲ ಎಂದು ಅತ್ತೆಯನ್ನೇ ನೋಡಿದಳು.

ಅತ್ತೆ ಹೊರಗಿನ ಬೆಂಚಿನಲ್ಲಿ ಮಾತ್ರೆಯನ್ನು ನಾಲಿಗೆಯ ಮೇಲೆ ಕರಗಿಸಿಕೊಂಡು ಗೋಡೆಗೊರಗಿದರು. ಸೊಸೆ ಅವರ ಉಸಿರನ್ನೇ ಗಮನಿಸುತ್ತ ಕೂತಳು. ಒಂದು ಗಂಟೆ ಹೋಯಿತು, ಇನ್ನರ್ಧ ಗಂಟೆ ಹೋಯಿತು.

"ನನ್ನ ಎದೆ ಕಾವಲು ಕಾದಿದ್ದು ಸಾಕು ಬುಡೇ," ಎಂದರು ಅತ್ತೆ, ಹಣೆಯ ಬಟ್ಟೆ ಬಿಚ್ಚಿ ನೆಟ್ಟಗೆ ಕೂರುತ್ತ. "ಹೊಟ್ಟೆ ಹಸೀತಾ ಐತೆ. ಏನಾರ ಕೊಡ್ಸು."